ಜಾಲತಾಣದ ಗುಂಡಿಗಳ ಮೇಲಿನ ಕನ್ನಡ: ಕೆಲವು ಪದಗಳ ಚರಿತ್ರೆ

ಪಾರಿಭಾಷಿಕ ಪದಕ್ಕೆ ನಿಘಂಟಿನಲ್ಲಿ ಅರ್ಥವಿವರಣೆಯ ಆಸರೆಯುಂಟು. ಶಾಸ್ತ್ರಗ್ರಂಥದಲ್ಲಿ ಹಿಂದುಮುಂದಿನ ವಾಕ್ಯಗಳ ಆಸರೆಯುಂಟು. ಜಾಲತಾಣದ ಗುಂಡಿಯ ಮೇಲೆ ಅದು ಒಂಟಿಯಾಗಿ ನಿಲ್ಲುತ್ತದೆ. ಅದನ್ನು ಒತ್ತಬೇಕೇ ಬೇಡವೇ ಎಂಬುದನ್ನು ಓದುಗನು ಆ ಕ್ಷಣದಲ್ಲಿಯೇ ನಿರ್ಧರಿಸಬೇಕಾಗುತ್ತದೆ. ಆದ್ದರಿಂದ ಇಲ್ಲಿ ಪದದ ಶಾಸ್ತ್ರಶುದ್ಧಿಯೊಂದೇ ಸಾಲದು. ಆ ಪದವು ಜನರ ಬಳಕೆಯಲ್ಲಿ ಹೊತ್ತುಬಂದಿರುವ ಚರಿತ್ರೆಯೂ ಮುಖ್ಯವಾಗುತ್ತದೆ.

ಈ ಪ್ರಶ್ನೆ ಎದುರಾಗುವುದಕ್ಕೆ ಮೊದಲು ಲಿಪಿಯ ತೊಡಕು ಬಗೆಹರಿಯಬೇಕಿತ್ತು. ಆರಂಭದ ಕನ್ನಡ ತಾಣಗಳು ತಮ್ಮ ತಮ್ಮ ಅಕ್ಷರವಿನ್ಯಾಸಗಳನ್ನು ಅವಲಂಬಿಸಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಪುಟವು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. 1991ರಲ್ಲಿ ಪ್ರಕಟವಾದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಕನ್ನಡ ಫಾಂಟನ್ನು ಒಳಗೊಂಡಿತ್ತು. 2003ರ ಜೂನ್ ತಿಂಗಳಿನಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಅದರ ಗುಂಡಿಗಳನ್ನೂ ಸೂಚನೆಗಳನ್ನೂ ಸ್ವಯಂಸೇವಕರು ಕನ್ನಡಕ್ಕೆ ತಂದರು.

ಈ ಕಾಲದ ಪದಗಳಲ್ಲಿ 'ಕಡತ' ವಿಶೇಷ ಗಮನಕ್ಕೆ ಅರ್ಹವಾಗಿದೆ. ಹುಣಿಸೆಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಳಿದು ಕಪ್ಪಾಗಿಸಿದ, ಮಡಿಕೆ ಮಡಿಕೆಯಾಗಿ ಮಡಿಸಿಡುವ ಬಟ್ಟೆಯೇ ಮೂಲ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯಲೂ ಸಾಧ್ಯವಿತ್ತು. ವರ್ತಕರ ಲೆಕ್ಕಗಳು ಇಂತಹ ಕಡತಗಳಲ್ಲಿದ್ದವು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಅಮೂಲ್ಯ ಆಕರಗಳಾಗಿವೆ. ಬಟ್ಟೆಯ ಬಳಕೆ ನಿಂತರೂ ಪದ ಉಳಿದು ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೆ ಹೆಸರಾಯಿತು. ಅಲ್ಲಿಂದ ಗಣಕಕ್ಕೆ ಬಂದಿತು. ಪುಸ್ತಕದ ಹೊರಹಾಳೆಯನ್ನು ಸೂಚಿಸುತ್ತಿದ್ದ 'ಮುಖಪುಟ'ವೂ ಹೀಗೆಯೇ ತಾಣದ ಮೊದಲ ಪುಟಕ್ಕೆ ಸಲ್ಲುವಂತಾಯಿತು. ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಸ್ಥಳಕ್ಕಿಟ್ಟ 'ಅರಳಿ ಕಟ್ಟೆ' ಎಂಬ ಹೆಸರಿಗೆ ವಿವರಣೆಯೇ ಬೇಕಿಲ್ಲ.

'ಸಂಪಾದಿಸಿ' ಎಂಬ ಗುಂಡಿಯ ಸ್ಥಿತಿ ಬೇರೆ. ಶೂನ್ಯಸಂಪಾದನೆಯಲ್ಲಿ ಈ ಪದಕ್ಕೆ ಪಡೆಯುವಿಕೆ ಎಂಬ ಅರ್ಥವಿದೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಬಲ್ಲ ವಿದ್ವಾಂಸನಿಗೆ ಅದು ಪಾಠಪರಿಷ್ಕರಣದ ಪದ. ದಿನಬಳಕೆಯಲ್ಲಾದರೋ ಸಂಪಾದಿಸುವುದೆಂದರೆ ಹಣ ಗಳಿಸುವುದು. ಪದ ತಪ್ಪಲ್ಲ, ಆದರೆ ವಾಕ್ಯದ ಆಸರೆಯಿಲ್ಲದೆಡೆ ಬಳಕೆಯ ಅರ್ಥವೇ ಮೊದಲು ಮನಸ್ಸಿಗೆ ಬರುತ್ತದೆ. ಓದುಗರೇ ಬರೆಯಬೇಕಾದ ವಿಶ್ವಕೋಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಲೇಖನವನ್ನು ತಿದ್ದುವ ಅಧಿಕಾರ ತನಗೂ ಇದೆ ಎಂಬುದನ್ನು ಓದುಗನಿಗೆ ತಿಳಿಸಬೇಕಾದುದು ಆ ಒಂದು ಪದವೇ. 'ತಿದ್ದಿ' ಎಂದರೆ ಅರ್ಥ ಸುಲಭ. ಹೊಸದಾಗಿ ಸೇರಿಸುವ ಭಾವ ಮಾತ್ರ ಅದರಲ್ಲಿ ಅಷ್ಟಾಗಿ ಇಲ್ಲ.

ವ್ಯಾಕರಣವೂ ಇಲ್ಲಿ ತೊಡಕನ್ನೊಡ್ಡುತ್ತದೆ. 'ಉಳಿಸು' ಎಂದರೆ ಬಳಕೆದಾರನು ಯಂತ್ರಕ್ಕೆ ಕೊಡುವ ಆಜ್ಞೆ. 'ಉಳಿಸಿ' ಎಂದರೆ ತಾಣವು ಬಳಕೆದಾರನಿಗೆ ಗೌರವದಿಂದ ಮಾಡುವ ಸೂಚನೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ರೂಪವಿರುವುದರಿಂದ ಅಲ್ಲಿ ಮಾತನಾಡುವವರು ಯಾರೆಂಬ ಪ್ರಶ್ನೆಯೇ ಏಳುವುದಿಲ್ಲ. ಕನ್ನಡದಲ್ಲಿ ಅದಕ್ಕೆ ಉತ್ತರ ಕೊಡದೆ ಗುಂಡಿಗೆ ಹೆಸರಿಡಲಾಗದು. ವಿಭಕ್ತಿಯ ಸಮಸ್ಯೆ ಇನ್ನೊಂದು. ಮರವನ್ನು, ಊರನ್ನು, ಹಳ್ಳಿಯನ್ನು ಎಂದು ಪದಾಂತ್ಯಕ್ಕೆ ತಕ್ಕಂತೆ ಸಂಧಿ ಬದಲಾಗುತ್ತದೆ. ಸಿದ್ಧವಾಕ್ಯದ ನಡುವೆ ಯಂತ್ರವು ಹೆಸರೊಂದನ್ನು ಸೇರಿಸುವಾಗ ಈ ವ್ಯತ್ಯಾಸವನ್ನು ಅರಿಯದೆ 'ಮರ ಅನ್ನು' ಎಂದು ಬಿಡಿಸಿಟ್ಟುಬಿಡುತ್ತದೆ. ಪ್ರತ್ಯಯ ಬೇಡದಂತೆ ವಾಕ್ಯವನ್ನೇ ಬೇರೆ ರೀತಿಯಲ್ಲಿ ಕಟ್ಟುವುದು ಇದಕ್ಕೆ ಉತ್ತಮ ಪರಿಹಾರ: 'ಅಳಿಸಲಾದ ಪುಟ: ಮರ' ಎಂಬುದು ಎಲ್ಲ ಹೆಸರುಗಳಿಗೂ ಒಪ್ಪುತ್ತದೆ.

ಸಂಸ್ಕೃತವೋ, ದೇಶ್ಯವೋ, ಅನ್ಯದೇಶ್ಯವೋ ಎಂಬ ಹಳೆಯ ವಾದ ಈ ಕ್ಷೇತ್ರದಲ್ಲಿ ನಿರ್ಣಾಯಕವಲ್ಲ. ದೇಶ್ಯವಾದ 'ಅರಳಿ ಕಟ್ಟೆ', ಸಂಸ್ಕೃತದ 'ಮುಖಪುಟ', ಇಂಗ್ಲಿಷಿನಿಂದ ಬಂದು ಕನ್ನಡದ ಉಕಾರ ಪಡೆದ 'ಟೆಂಪ್ಲೇಟು' ಕನ್ನಡ ತಾಣಗಳಲ್ಲಿ ಜೊತೆಗಿವೆ. ಜನರ ಕೆಲಸದೊಡನೆ ಬೆಳೆದ ಪದಕ್ಕೆ ಒಂಟಿಯಾಗಿ ನಿಲ್ಲುವ ಶಕ್ತಿಯಿರುತ್ತದೆ. ಮುಂದಿನ ಪದಕೋಶಗಳು ಸಮಾನಪದವನ್ನು ಕೊಟ್ಟು ನಿಲ್ಲದೆ, ಅದು ಗುಂಡಿಯ ಮೇಲೆ ಯಾವ ರೂಪದಲ್ಲಿರಬೇಕು, ಯಾರ ಮಾತಾಗಿರಬೇಕು ಎಂಬುದನ್ನೂ ದಾಖಲಿಸುವುದು ಅಗತ್ಯ.