ಗಜನಿಯ ಉಪ್ಪು, ಕಗ್ಗದ ಅಕ್ಕಿ

ಅನ್ನಕ್ಕೆ ರುಚಿ ಕೊಡುವ ಉಪ್ಪೇ ಭತ್ತದ ಗದ್ದೆಗೆ ಶತ್ರು. ಆದರೂ ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಅಕ್ಕಿಗೆ ಹಳೆಯ ಹೆಸರಿದೆ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ, ಹೊನ್ನಾವರ ಮತ್ತು ಭಟ್ಕಳ ಬಂದರುಗಳ ಅಕ್ಕಿ ವ್ಯಾಪಾರವನ್ನು ದಾಖಲಿಸಿದ್ದಾನೆ. ಈ ಕರಾವಳಿಯಲ್ಲಿ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಿಗೆ ಗಜನಿ ಎಂದು ಹೆಸರು. ಕುಮಟಾದ ಅಘನಾಶಿನಿ ನದಿಯ ಅಳಿವೆಯ ಗಜನಿಗಳು ಹೆಚ್ಚು ಪ್ರಸಿದ್ಧ.

ಉಪ್ಪಿನಲ್ಲಿರುವ ಸೋಡಿಯಂ ಮಣ್ಣಿನಲ್ಲಿ ಹೆಚ್ಚಾದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ರಂಧ್ರಗಳನ್ನು ಮುಚ್ಚುತ್ತವೆ. ಆಗ ನೀರು ಇಳಿಯದು, ಬೇರು ಉಸಿರಾಡದು. ಹಾಗಾದರೆ ಆಳವಾಗಿ ಉತ್ತರೆ ಸಾಲದೆ ಎಂದು ನೀವು ಕೇಳಬಹುದು. ಕೆಳಪದರದಲ್ಲಿ ಜಿಪ್ಸಂ ಇರುವ ಒಣಭೂಮಿಗಳಲ್ಲಿ ಆಳ ಉಳುಮೆ ಅದನ್ನು ಮೇಲೆ ತರುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿದು ಮಣ್ಣು ಸಡಿಲವಾಗುತ್ತದೆ, ಧಾನ್ಯದ ಇಳುವರಿಯೂ ಏರುತ್ತದೆ. ಗಜನಿಯಲ್ಲಾದರೋ ಅಡಿಯಲ್ಲೂ ಉಪ್ಪುನೀರೇ. ಇಲ್ಲಿ ಸಿಹಿನೀರು ಉಪ್ಪನ್ನು ತೊಳೆದು ಹೊರಗೆ ಹರಿಸದ ಹೊರತು ನೇಗಿಲಿನ ಶ್ರಮ ವ್ಯರ್ಥ.

ನಮ್ಮ ಹಿರಿಯರು ಈ ಕೆಲಸವನ್ನು ಮುಂಗಾರಿಗೆ ಒಪ್ಪಿಸಿದರು. ಮಣ್ಣಿನ ಕಟ್ಟೆ ಹಾಕಿ ತೂಬು ಇಟ್ಟರು. ಇಳಿತದಲ್ಲಿ ತೂಬು ತೆರೆದು ಮಳೆನೀರಿನೊಡನೆ ಉಪ್ಪನ್ನು ಹೊರಬಿಟ್ಟರು, ಉಬ್ಬರದಲ್ಲಿ ಮುಚ್ಚಿದರು. ಬಳಿಕ ಉಪ್ಪನ್ನೂ ನೆರೆಯನ್ನೂ ತಾಳುವ ಕಗ್ಗ ಭತ್ತದ ಮೊಳಕೆ ಬಿತ್ತಿದರು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕತ್ತರಿಸಿ ಹುಲ್ಲನ್ನು ಗದ್ದೆಯಲ್ಲೇ ಬಿಟ್ಟರು. ಆಮೇಲೆ ಉಪ್ಪುನೀರು ಒಳಬಂದಾಗ ಕೊಳೆತ ಹುಲ್ಲು ಮೀನು, ಸೀಗಡಿಗಳಿಗೆ ಆಹಾರವಾಯಿತು.

ಕಟ್ಟೆ ಒಂದೆಡೆ ಒಡೆದರೆ ಎಲ್ಲರ ಬೆಳೆಯೂ ಹೋಗುತ್ತದೆ. ಆದ್ದರಿಂದ ಅದರ ದುರಸ್ತಿ ಊರವರೆಲ್ಲರ ಹೊಣೆಯಾಗಿತ್ತು. ಉತ್ತರ ಕನ್ನಡ ಮುಂಬಯಿ ಪ್ರಾಂತದಲ್ಲಿದ್ದಾಗ, 1948ರಲ್ಲಿ, ಇಂಥ ಭೂಮಿಗಳ ರಕ್ಷಣೆಗೆ ಖಾರ್‌ಲ್ಯಾಂಡ್ ಕಾಯ್ದೆ ಬಂತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಸರ್ಕಾರವೇ ಗಟ್ಟಿ ಕಟ್ಟೆಗಳನ್ನು ಕಟ್ಟಿಸಿತು. ಊರವರ ಒಗ್ಗಟ್ಟು ಮಾತ್ರ ಸಡಿಲವಾಯಿತು. 1990ರ ದಶಕದಲ್ಲಿ ಸೀಗಡಿಯ ಲಾಭ ಭತ್ತವನ್ನು ಹಿಂದಿಕ್ಕಿತು. ಹಲವು ಗಜನಿಗಳಲ್ಲಿ ವರ್ಷವಿಡೀ ಉಪ್ಪುನೀರೇ ನಿಂತು ಕಗ್ಗ ಮೂಲೆಗೆ ಸರಿಯಿತು.

ಮಾಣಿಕಟ್ಟಾದಂಥ ಊರುಗಳ ರೈತರು ಈ ತಳಿಯನ್ನು ಕೈಬಿಡಲಿಲ್ಲ. 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಆದರೆ ಭತ್ತದ ಬೀಜ ಪಟ್ಟಿಯಲ್ಲಿ ಉಳಿಯುವುದಿಲ್ಲ, ವರ್ಷವರ್ಷ ಬಿತ್ತಿದರಷ್ಟೇ ಉಳಿಯುತ್ತದೆ. ಸಮುದ್ರಮಟ್ಟ ಏರುತ್ತಿರುವ ಈ ಕಾಲದಲ್ಲಿ ಉಪ್ಪು ತಾಳುವ ತಳಿಯ ಬೆಲೆ ಎಷ್ಟೆಂದು ನೀವೇ ಯೋಚಿಸಿ. ನಿಮ್ಮ ಊರಿನ ಹಿರಿಯ ರೈತರನ್ನು ಕೇಳಿ, ಮರೆಯಾಗುತ್ತಿರುವ ಒಂದು ತಳಿಯ ಹೆಸರನ್ನಾದರೂ ಬರೆದಿಟ್ಟುಕೊಳ್ಳಿ.