ಆಟದ ಸುಖ, ಅಂಗಡಿಯ ಲೆಕ್ಕ

ಕನ್ನಡದಲ್ಲಿ ಮಕ್ಕಳು ಅಂಗಳದಲ್ಲಿ ಆಡುವುದೂ ಆಟ, ದೊಡ್ಡವರು ಬಣ್ಣ ಹಚ್ಚಿಕೊಂಡು ಅಟ್ಟದ ಮೇಲೆ ಕುಣಿಯುವುದೂ ಆಟ. ಬಯಲಾಟ, ದೊಡ್ಡಾಟ, ಸಣ್ಣಾಟಗಳ ಹೆಸರಿನಲ್ಲೇ ಈ ನಂಟು ಉಳಿದುಬಂದಿದೆ. ಆದ್ದರಿಂದ ‘ರೋಲ್ ಪ್ಲೇಯಿಂಗ್ ಗೇಮ್’ ಎಂಬ ಬಗೆಯ ವಿಡಿಯೋ ಗೇಮನ್ನು ‘ಪಾತ್ರದ ಆಟ’ ಎಂದು ಕರೆದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಜನರಿಗೆ ಹೆಚ್ಚಿನ ವಿವರಣೆ ಬೇಕಾಗಲಾರದು. ಆಡುವವನು ಒಂದು ಪಾತ್ರವನ್ನು ಆರಿಸಿಕೊಂಡು, ಅದರ ಕಣ್ಣಿನಿಂದ ಒಂದು ಲೋಕವನ್ನು ಸುತ್ತುತ್ತಾನೆ. ಅವನ ಆಯ್ಕೆಯಂತೆ ಕಥೆ ಸಾಗುತ್ತದೆ.

ಈ ಆಟಗಳ ರಸಿಕರು ಎರಡು ದಶಕಗಳಿಂದ ಒಂದೇ ದೂರು ಹೇಳುತ್ತ ಬಂದಿದ್ದಾರೆ: ಕಂಪನಿಗಳ ದುರಾಸೆ ಆಟದ ಸುಖವನ್ನು ನುಂಗುತ್ತಿದೆ. ಆದರೆ ಆಟಕ್ಕೆ ಹಣ ಕೊಡುವುದು ಹೊಸದೇನಲ್ಲ. ಹಾಗಾದರೆ ತಕರಾರು ಯಾವುದರ ಬಗ್ಗೆ? ಕೃಷ್ಣಾ-ಘಟಪ್ರಭಾ ಸೀಮೆಯ ರಂಗಭೂಮಿಯ ಜಮಾಖರ್ಚನ್ನು ಒಮ್ಮೆ ನೋಡಿದರೆ ಉತ್ತರಕ್ಕೆ ದಾರಿ ಸಿಕ್ಕೀತು.

ಪಾರಿಜಾತದ ರಾತ್ರಿ

ಈ ಭಾಗದ ಅಚ್ಚುಮೆಚ್ಚಿನ ಸಣ್ಣಾಟ ‘ಶ್ರೀಕೃಷ್ಣ ಪಾರಿಜಾತ’. ಅಪರಾಳ ತಮ್ಮಣ್ಣನ ಕೃತಿಯನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ಆಟವಾಗಿ ರೂಪಿಸಿದನೆಂದು ಹೇಳುತ್ತಾರೆ. ಕಥೆ ಚಿಕ್ಕದು. ನಾರದ ತಂದ ಪಾರಿಜಾತ ಪುಷ್ಪ ರುಕ್ಮಿಣಿಗೆ ಸಿಗುತ್ತದೆ, ಸತ್ಯಭಾಮೆ ಮುನಿಯುತ್ತಾಳೆ. ಇಷ್ಟನ್ನೇ ಹಿಡಿದು, ಗೊಲ್ಲತಿ, ಕೊರವಂಜಿಯರನ್ನೂ ಸೇರಿಸಿಕೊಂಡು ಬೆಳಗಿನವರೆಗೆ ಆಟ ನಡೆಸುತ್ತಿದ್ದರು. ಗಂಡಸರೇ ಸೀರೆಯುಟ್ಟು ಆಡುತ್ತಿದ್ದ ಈ ಆಟದಲ್ಲಿ ಹೆಣ್ಣುಮಕ್ಕಳಿಗೆ ದಾರಿ ತೆರೆದವರು ಕೌಜಲಗಿ ನಿಂಗಮ್ಮ.

ಹಗಲೆಲ್ಲ ಮಗ್ಗದ ಮುಂದೆ ಕುಳಿತವನು, ಹೊಲದಲ್ಲಿ ದುಡಿದವನು, ರಾತ್ರಿಯ ಮಟ್ಟಿಗೆ ದ್ವಾರಕೆಯ ಒಡೆಯನಾಗುವುದು ಸಣ್ಣ ಸುಖವಲ್ಲ. ನೋಡುವವನಿಗೂ ಅದರಲ್ಲಿ ಪಾಲಿದೆ. ಹಣವೂ ಅಲ್ಲಿ ಇಲ್ಲದಿರಲಿಲ್ಲ. ಊರವರು ವಂತಿಗೆ ಎತ್ತುತ್ತಿದ್ದರು. ಹಾಡು ಮನಸ್ಸಿಗೆ ಹಿಡಿಸಿದರೆ ನೋಡುವವರು ಎದ್ದು ಬಂದು ಆಯಾರ ಮಾಡುತ್ತಿದ್ದರು, ಕೊಟ್ಟವರ ಹೆಸರನ್ನು ಕೂಗಿ ಹೇಳುತ್ತಿದ್ದರು. ಆದರೆ ಆಯಾರ ಮಾಡದವನಿಗೆ ಸತ್ಯಭಾಮೆಯ ಮುನಿಸು ಅರ್ಧಕ್ಕೆ ನಿಲ್ಲುತ್ತಿರಲಿಲ್ಲ. ಕೊಟ್ಟವನೂ ಕೊಡದವನೂ ಅದೇ ಆಟವನ್ನು ಕೊನೆಯವರೆಗೆ ನೋಡುತ್ತಿದ್ದರು.

ಪಾತ್ರಕ್ಕೆ ಬೆಲೆ ಕಟ್ಟುವ ರೂಢಿಯೂ ನಮ್ಮಲ್ಲಿದೆ. ಮಂಡ್ಯ, ತುಮಕೂರು ಕಡೆಯ ಹವ್ಯಾಸಿ ಪೌರಾಣಿಕ ನಾಟಕಗಳಲ್ಲಿ ಕೃಷ್ಣ, ದುರ್ಯೋಧನರ ಪಾತ್ರ ಬೇಕೆನ್ನುವವರು ಹೆಚ್ಚು ಹಣ ಕೊಡಬೇಕು. ಸಣ್ಣ ಪಾತ್ರಕ್ಕೆ ಕಡಿಮೆ. ಇದರಲ್ಲಿ ವ್ಯಾಪಾರವಿದೆ, ಆದರೆ ಗುಟ್ಟಿಲ್ಲ. ಲೆಕ್ಕ ಪರದೆ ಏಳುವ ಮೊದಲೇ ಮುಗಿದಿರುತ್ತದೆ.

ವೃತ್ತಿ ಕಂಪನಿಗಳ ಕಾಲಕ್ಕೆ ಟಿಕೆಟ್ ಬಂತು. ಬೀಳಗಿಯ ಸೋದರಿಯರಾದ ಗೋಹರಬಾಯಿ ಮತ್ತು ಅಮೀರಬಾಯಿ ಕರ್ನಾಟಕಿ ಈ ಲೋಕದಲ್ಲಿ ದೊಡ್ಡ ಹೆಸರು ಮಾಡಿದರು. ಅಮೀರಬಾಯಿ ಹಿಂದಿ ಚಿತ್ರಗೀತೆಗಳಿಂದ ಮನೆಮಾತಾದರು. ಗೋಹರಬಾಯಿ 1930ರ ದಶಕದ ಕೊನೆಯ ಹೊತ್ತಿಗೆ ಬಾಲಗಂಧರ್ವರ ನಾಟಕ ಮಂಡಳಿ ಸೇರಿದರು. ಸ್ತ್ರೀಪಾತ್ರಗಳಿಂದಲೇ ಪ್ರಸಿದ್ಧರಾಗಿದ್ದ ಬಾಲಗಂಧರ್ವರು ರಂಗದ ವೈಭವಕ್ಕೆ ಹಣ ಸುರಿದು ಸಾಲದಲ್ಲಿ ಮುಳುಗಿದವರು. ವ್ಯಾಪಾರದ ದೃಷ್ಟಿಯಿಂದ ಅದು ಅವಿವೇಕ. ಆದರೆ ಪ್ರೇಕ್ಷಕ ಕೊಟ್ಟ ಹಣ ಮರಳಿ ರಂಗಕ್ಕೇ ಬರುತ್ತಿತ್ತು.

ಕುದುರೆಯ ಕವಚ

ಇಂದಿನ ಪಾತ್ರದ ಆಟಗಳ ಮೂಲ ಅಮೆರಿಕದಲ್ಲಿದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತು, ದಾಳ ಉರುಳಿಸಿ, ಬಾಯಿಮಾತಿನಲ್ಲಿ ಕಥೆ ಕಟ್ಟುವ ಆಟ ಅದು. ಕಥೆ ನಡೆಸಲು ಒಬ್ಬ ಸೂತ್ರಧಾರ, ಹೆಚ್ಚುಕಡಿಮೆ ನಮ್ಮ ಭಾಗವತನಂತೆ. 1980ರ ದಶಕದಲ್ಲಿ ಇದೇ ಕಲ್ಪನೆ ಕಂಪ್ಯೂಟರಿಗೆ ಬಂದು ‘ಅಲ್ಟಿಮಾ’, ‘ಡ್ರ್ಯಾಗನ್ ಕ್ವೆಸ್ಟ್’, ‘ಫೈನಲ್ ಫ್ಯಾಂಟಸಿ’ ಮುಂತಾದ ಆಟಗಳಾದವು. ಒಮ್ಮೆ ಕೊಂಡರೆ ಆಟ ಪೂರ್ತಿ ಆಡುವವನದು. ಪಾರಿಜಾತದಂತೆಯೇ ಕೊನೆಯವರೆಗೆ ಕಥೆ.

ಈ ಕ್ರಮ ಬದಲಾದ ಗುರುತಿನ ಕಲ್ಲು 2006. ಆ ವರ್ಷ ಬೆಥೆಸ್ಡಾ ಕಂಪನಿ ‘ಒಬ್ಲಿವಿಯನ್’ ಎಂಬ ತನ್ನ ಆಟದೊಳಗಿನ ಕುದುರೆಗೆ ತೊಡಿಸುವ ಕವಚವನ್ನು ಪ್ರತ್ಯೇಕವಾಗಿ ಎರಡೂವರೆ ಡಾಲರಿಗೆ ಮಾರಿತು. ರಸಿಕರು ನಕ್ಕರು, ಬೈದರು, ಹಲವರು ಕೊಂಡರು. ಕವಚದ ಹಿಂದೆಯೇ ‘ಲೂಟ್ ಬಾಕ್ಸ್’ ಬಂತು. ಇದು ಹಣ ಕೊಟ್ಟು ತೆರೆಯುವ ಪೆಟ್ಟಿಗೆ. ಒಳಗೇನಿದೆ ಎಂದು ತೆರೆಯುವವರೆಗೆ ತಿಳಿಯದು. 2017ರಲ್ಲಿ ‘ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2’ ಆಟದ ಪೆಟ್ಟಿಗೆಗಳ ವಿರುದ್ಧ ಎಷ್ಟು ಗದ್ದಲವಾಯಿತೆಂದರೆ, ಬಿಡುಗಡೆಯ ಮುನ್ನಾದಿನ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಹಣ ಕೊಟ್ಟು ಕೊಳ್ಳುವ ಏರ್ಪಾಡನ್ನೇ ತಡೆಹಿಡಿಯಬೇಕಾಯಿತು. 2018ರಲ್ಲಿ ಬೆಲ್ಜಿಯಂ ಹಲವು ಆಟಗಳ ಇಂಥ ಪೆಟ್ಟಿಗೆಗಳನ್ನು ಜೂಜೆಂದು ಸಾರಿತು.

ರಸಿಕರ ತಕರಾರು ಇರುವುದು ಇಲ್ಲಿಯೇ. ಆಯಾರ ಮೆಚ್ಚುಗೆಯ ನಂತರ ಬರುತ್ತಿತ್ತು. ಇಂದಿನ ಎಷ್ಟೋ ಮೊಬೈಲ್ ಆಟಗಳಲ್ಲಿ ಬೇಸರವನ್ನು ಮೊದಲು ಹುಟ್ಟಿಸಿ, ಅದರಿಂದ ಪಾರಾಗುವ ದಾರಿಯನ್ನು ಮಾರಲಾಗುತ್ತದೆ. ಕಾಯಲಾರದವನು ಹಣ ಕೊಟ್ಟು ಮುಂದೆ ಹೋಗಬೇಕು. ರಾಜನ ವೇಷದಲ್ಲಿದ್ದವನಿಗೆ ಪದೇ ಪದೇ ಅವನ ಜೇಬನ್ನು ನೆನಪಿಸಿದರೆ ಪಾತ್ರ ಉಳಿಯುವುದಾದರೂ ಹೇಗೆ?

ಕಾನೂನು ಈ ಪ್ರಶ್ನೆಯ ಒಂದು ಬದಿಯನ್ನಷ್ಟೇ ಮುಟ್ಟಿದೆ. ಆನ್‌ಲೈನ್ ಹಣದಾಟ ತಡೆಯಲು ಕರ್ನಾಟಕ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಅಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಇಂಥ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾಯ್ದೆ ಅಂಗೀಕರಿಸಿತು. ಆದರೆ ಅದರ ಗುರಿ ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟಿ ಆಡುವ ಆಟ. ಕುದುರೆಗೆ ಕವಚ ಕೊಳ್ಳುವವನು ಹಣ ಗೆಲ್ಲಲು ಬಂದವನಲ್ಲ, ಕಥೆಗೆ ಬಂದವನು.

ಕಥೆ ಯಾರ ಸೊತ್ತು?

ದುರಾಸೆಗೆ ತಡೆಯೊಡ್ಡಿದವರು ಹಲವು ಬಾರಿ ಆಡುವವರೇ. ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ನಿಯಮಗಳನ್ನು ಬಳಸಿ ಯಾರು ಬೇಕಾದರೂ ಹೊಸ ಕಥೆ ಪ್ರಕಟಿಸಲು 2000ದಿಂದ ಅವಕಾಶವಿತ್ತು. 2023ರ ಜನವರಿಯಲ್ಲಿ ಅದನ್ನು ಬಿಗಿಗೊಳಿಸುವ ಯೋಜನೆ ಬಯಲಾದಾಗ ಆಟಗಾರರು ತಿರುಗಿಬಿದ್ದರು. ತಿಂಗಳು ಮುಗಿಯುವುದರೊಳಗೆ ಒಡೆತನದ ಕಂಪನಿ ಹಿಂದೆ ಸರಿದು, ಮೂಲ ನಿಯಮಗಳನ್ನು ಎಲ್ಲರ ಬಳಕೆಗೆ ಬಿಟ್ಟಿತು. ಅದೇ ವರ್ಷ ಬೆಲ್ಜಿಯಂನ ಲಾರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಆಟದೊಳಗೆ ಅಂಗಡಿಯನ್ನೇ ಇಡದೆ ಭಾರಿ ಯಶಸ್ಸು ಕಂಡಿತು. ಸುಖ ಕೊಟ್ಟೂ ಲಾಭ ಮಾಡಬಹುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪಾರಿಜಾತಕ್ಕೆ ಇಂಥ ಹೋರಾಟದ ಅಗತ್ಯ ಬೀಳಲಿಲ್ಲ. ಒಬ್ಬ ಬರೆದದ್ದನ್ನು ಇನ್ನೊಬ್ಬ ಆಟವಾಗಿಸಿದ, ನೂರಾರು ಕಲಾವಿದರು ತಮ್ಮ ಮಾತು, ಮಟ್ಟು ಸೇರಿಸಿದರು. ಅದು ಯಾರೊಬ್ಬರ ಸೊತ್ತೂ ಆಗಲಿಲ್ಲವಾದ್ದರಿಂದಲೇ ಊರಿಂದೂರಿಗೆ ಹೋಯಿತು. ಪರದೆಯ ಮೇಲಿನ ಆಟಗಳಿಗೆ ಕೋಟ್ಯಂತರ ಬಂಡವಾಳ ಬೇಕು, ಅವು ಪುಕ್ಕಟೆ ಸಿಗಲಾರವು. ಅವುಗಳ ರಸಿಕ ಅದನ್ನು ಕೇಳುತ್ತಲೂ ಇಲ್ಲ. ಬೆಲೆಯನ್ನು ಬಾಗಿಲಲ್ಲೇ ಹೇಳಿ, ಆಮೇಲೆ ಬೆಳಗಿನವರೆಗೆ ಆಡಲು ಬಿಡಿ ಎಂಬುದಷ್ಟೇ ಅವನ ಬೇಡಿಕೆ.