ಬೆಟ್ಟದವರು ತಮ್ಮೂರನ್ನೇ ಪಾಠ ಮಾಡಿಕೊಂಡ ಕಥೆ

ಒಂದು ಕೊಲೆಯಿಂದ ಶುರು ಮಾಡಬೇಕಾಗಿದೆ.

1967ರ ಸೆಪ್ಟೆಂಬರ್. ಅಮೆರಿಕದ ಕೆಂಟಕಿ ರಾಜ್ಯದ ಪೂರ್ವ ಭಾಗದಲ್ಲಿ ಲೆಚರ್ ಕೌಂಟಿ ಅಂತ ಒಂದು ಗುಡ್ಡಗಾಡು ಪ್ರದೇಶ. ಕೌಂಟಿ ಅಂದರೆ ನಮ್ಮ ತಾಲ್ಲೂಕಿನ ಹಾಗೆ ಅಂದುಕೊಳ್ಳಿ. ಹ್ಯೂ ಓಕಾನರ್ ಎಂಬ ಕೆನಡಾದ ಚಿತ್ರ ನಿರ್ದೇಶಕ ಅಲ್ಲಿಗೆ ತಂಡದ ಜೊತೆ ಬಂದಿದ್ದರು. ಒಂದು ಬಾಡಿಗೆ ಮನೆಯ ಜಗಲಿಯಲ್ಲಿ ಕಲ್ಲಿದ್ದಲು ಗಣಿಯ ಕೆಲಸಗಾರನೊಬ್ಬ ಕೂತಿದ್ದ, ಮುಖದ ತುಂಬ ಮಸಿ. ಅವನನ್ನು ಕೇಳಿಯೇ ಚಿತ್ರ ತೆಗೆದರು. ಅಷ್ಟರಲ್ಲಿ ಮನೆಯ ಮಾಲೀಕ ಬಂದೂಕು ಹಿಡಿದು ಬಂದ, ನನ್ನ ಜಾಗ ಬಿಟ್ಟು ಹೋಗಿ ಅಂದ. ತಂಡ ಸಾಮಾನು ಎತ್ತಿಕೊಂಡು ಹೊರಟಿತ್ತು. ಆದರೂ ಗುಂಡು ಹಾರಿತು, ಓಕಾನರ್ ಅಲ್ಲೇ ಸತ್ತರು.

ಕೊಂದವನ ಪರವಾಗಿ ಊರಿನ ಎಷ್ಟೋ ಜನ ನಿಂತರು. ಅವನಿಗೆ ಹತ್ತು ವರ್ಷ ಶಿಕ್ಷೆಯಾದರೂ ಒಂದೇ ವರ್ಷಕ್ಕೆ ಪರೋಲ್ ಮೇಲೆ ಹೊರಗೆ ಬಂದ.

ಪತ್ರಿಕೋದ್ಯಮ ಓದಿಕೊಂಡ ನಮಗೆ ಈ ಪ್ರಸಂಗ ನಿದ್ದೆ ಕೆಡಿಸುವಂಥದ್ದು. ನಾವೂ ಮೊಬೈಲ್ ಹಿಡಿದುಕೊಂಡು ಯಾರ್ಯಾರದೋ ಜಗಲಿ ಹತ್ತುವವರೇ. ಕೊಲೆಗೆ ಸಮರ್ಥನೆ ಇಲ್ಲ. ಆದರೆ ಊರಿನವರಿಗೆ ಕ್ಯಾಮೆರಾ ಮೇಲೆ ಅಷ್ಟೊಂದು ಸಿಟ್ಟು ಯಾಕೆ ಬಂತು? 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಬಡತನದ ಮೇಲೆ ಯುದ್ಧ ಸಾರಿ, ಕೆಂಟಕಿಯ ಈ ಬೆಟ್ಟದ ಸೀಮೆಗೇ ಬಂದು ಒಂದು ಬಡ ಮನೆಯ ಜಗಲಿಯಲ್ಲಿ ಕೂತರು. ಅವರ ಬೆನ್ನಿಗೆ ಟಿವಿಯವರು, ಪೇಪರಿನವರು ಸಾಲುಗಟ್ಟಿ ಬಂದರು. ಹರಕು ಬಟ್ಟೆಯ ಮಕ್ಕಳು, ಮುರುಕು ಮನೆ. ಇಷ್ಟೇ ಅವರಿಗೆ ಬೇಕಿದ್ದದ್ದು. ಬಡತನ ಹೇಗೆ ಬಂತು ಅಂತ ಕೇಳಿದವರು ಕಡಿಮೆ.

ಆ ಪ್ರಶ್ನೆ ಕೇಳುವ ಕೆಲಸ ಕೊನೆಗೆ ಬಿದ್ದದ್ದು ಅಲ್ಲಿನ ಸಣ್ಣಪುಟ್ಟ ಕಾಲೇಜುಗಳ ಮೇಲೆ.

ಆ ಪರ್ವತಸಾಲನ್ನು ನಾವು ಶಾಲೆಯಲ್ಲಿ ಅಪಲೇಶಿಯನ್ ಅಂತ ಓದಿದ್ದೇವೆ. ಬೆಟ್ಟದ ಜನರಿಗೆ ಆ ಉಚ್ಚಾರ ಹಿಡಿಸುವುದಿಲ್ಲ, ಅವರ ಬಾಯಲ್ಲಿ ಅದು ಅಪಲಾಚ. ನಾವೂ ಹಾಗೇ ಬರೆಯೋಣ, ಊರಿನ ಹೆಸರು ಊರಿನವರ ಬಾಯಲ್ಲಿ ಇದ್ದಂತೆ. 1965ರಲ್ಲಿ ಕೇಂದ್ರ ಸರ್ಕಾರ ಈ ಸೀಮೆಗೆಂದೇ ಒಂದು ಆಯೋಗ ಮಾಡಿತು. ಅದರ ವ್ಯಾಪ್ತಿಯಲ್ಲಿ ಇವತ್ತು 13 ರಾಜ್ಯಗಳ ಭಾಗಗಳಿವೆ.

ಬಡತನದ ಕಥೆ ಕಾಗದಪತ್ರದಲ್ಲಿದೆ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಹೊರಗಿನ ಏಜೆಂಟರು ಬಂದು ರೈತರಿಂದ ಭೂಮಿಯ ಅಡಿಯ ಖನಿಜದ ಹಕ್ಕನ್ನು ಬರೆಸಿಕೊಂಡರು. ಎಕರೆಗೆ ಅರ್ಧ ಡಾಲರ್ ಕೊಟ್ಟದ್ದೂ ಉಂಟು. ಓದು ಬಾರದವರು ಹೆಬ್ಬೆಟ್ಟಿನ ಬದಲು ಅಡ್ಡಗೆರೆಯ ಗುರುತು ಹಾಕಿದರು. ಮೇಲಿನ ಹೊಲ ನಿಮ್ಮದೇ, ಉಳುಮೆ ಮಾಡಿಕೊಳ್ಳಿ ಅಂದರು. ಆದರೆ ಖನಿಜ ತೆಗೆಯಲು ಏನು ಬೇಕಾದರೂ ಮಾಡಬಹುದು ಅನ್ನುವ ಮಾತು ಪತ್ರದಲ್ಲೇ ಇತ್ತು. ಆಗ ಗಣಿ ಅಂದರೆ ಸುರಂಗ. ಮುಂದೆ ಬುಲ್ಡೋಜರ್ ಬಂತು, ಬೆಟ್ಟದ ಮೈಯನ್ನೇ ಸಿಪ್ಪೆ ಸುಲಿದಂತೆ ಸುಲಿಯತೊಡಗಿದರು. ಅಜ್ಜ ಹಾಕಿದ ಗುರುತಿಗೆ ಮೊಮ್ಮಕ್ಕಳ ಹೊಲ, ಬಾವಿ ಹೋದವು. 1965ರ ನವೆಂಬರಿನಲ್ಲಿ ಆಲಿ ಕೂಂಬ್ಸ್ ಎಂಬ ವಿಧವೆ ತನ್ನ ಜಮೀನಿನಲ್ಲಿ ಬುಲ್ಡೋಜರಿಗೆ ಅಡ್ಡ ಕೂತರು. ಪೊಲೀಸರು ಅವರನ್ನು ಕೈಕಾಲು ಹಿಡಿದು ಹೊತ್ತುಕೊಂಡು ಹೋಗುವ ಫೋಟೋ ದೇಶವೆಲ್ಲ ಓಡಾಡಿತು. ಆದರೂ ಈ ಪತ್ರಗಳ ಹಲ್ಲು ಕೀಳಲು 1988ರ ತನಕ ಕಾಯಬೇಕಾಯಿತು. ಆ ವರ್ಷ ಮತದಾರರು ಕೆಂಟಕಿಯ ಸಂವಿಧಾನವನ್ನೇ ತಿದ್ದಿದರು. ಹಾಕಿದ ಐದು ಮತದಲ್ಲಿ ನಾಲ್ಕು ತಿದ್ದುಪಡಿಯ ಪರ.

ಇನ್ನೊಂದು ಕೆಲಸ ನಡೆಯಿತು, ನಮ್ಮಂಥವರಿಗೆ ಹೊಟ್ಟೆಕಿಚ್ಚು ಬರಿಸುವಂಥದ್ದು. 1979ರ ಸುಮಾರಿಗೆ ಊರಿನ ಸಾಮಾನ್ಯ ಜನ ಮತ್ತು ಮೇಷ್ಟ್ರುಗಳು ಸೇರಿಕೊಂಡು ಆರು ರಾಜ್ಯಗಳ 80 ಕೌಂಟಿಗಳ ಕಚೇರಿಗೆ ಹೋಗಿ ಭೂದಾಖಲೆ ತೆಗೆಸಿ ನೋಡಿದರು. ಪಹಣಿ ತೆಗೆಸಲು ನಾಡಕಚೇರಿ ಬಾಗಿಲು ಕಾದವರಿಗೆ ಅದರ ಕಷ್ಟ ಗೊತ್ತು. ಭೂಮಿಯ, ಅದಕ್ಕಿಂತ ಹೆಚ್ಚಾಗಿ ಖನಿಜದ ದೊಡ್ಡ ಪಾಲು ಹೊರಗಿನವರ ಮತ್ತು ಕಂಪನಿಗಳ ಕೈಯಲ್ಲಿತ್ತು. ಅವರು ಕಟ್ಟುತ್ತಿದ್ದ ತೆರಿಗೆ ನಾಮಕಾವಸ್ತೆ. ಶಾಲೆಗೆ, ರಸ್ತೆಗೆ ದುಡ್ಡು ಯಾಕಿಲ್ಲ ಅನ್ನುವುದಕ್ಕೆ ಉತ್ತರ ಅಲ್ಲೇ ಇತ್ತು.

ಈಗ ಕಾಲೇಜಿಗೆ ಬರೋಣ. ಲೆಚರ್‌ಗೆ ಅಂಟಿಕೊಂಡೇ ಹಾರ್ಲನ್ ಕೌಂಟಿ ಇದೆ. ಅಲ್ಲಿನ ಕಂಬರ್ಲ್ಯಾಂಡ್ ಊರಿನಲ್ಲಿ 1960ರಲ್ಲಿ ಒಂದು ಕಮ್ಯುನಿಟಿ ಕಾಲೇಜು ಶುರುವಾಯಿತು. ಎರಡು ವರ್ಷದ ಓದು, ಕಡಿಮೆ ಫೀಸು, ಮನೆಯಿಂದಲೇ ಓಡಾಡಬಹುದು. ನರ್ಸಿಂಗ್, ವೆಲ್ಡಿಂಗ್ ಕಲಿಯಲು ಹೋಗುವ ಇಂಥ ಕಾಲೇಜಿನಲ್ಲಿ ತಮ್ಮೂರಿನ ಇತಿಹಾಸ, ಹಾಡು, ಮಾತು, ಸಾಹಿತ್ಯವನ್ನೂ ಓದುವ ಏರ್ಪಾಡು ಆಯಿತು. ಅದರ ಹೆಸರು ಅಪಲಾಚಿಯನ್ ಅಧ್ಯಯನ. ಈ ಬಗೆಯ ಪಾಠಕ್ಕೆ ದಾರಿ ಹಾಕಿದವರಲ್ಲಿ ಮುಖ್ಯರು ಹೆಲೆನ್ ಲೂಯಿಸ್. 1960ರ ದಶಕದ ಕೊನೆಯಲ್ಲಿ ಅವರು ಪಕ್ಕದ ವರ್ಜೀನಿಯಾದ ವೈಸ್ ಎಂಬ ಗಣಿ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು.

ಊರ ಬಗ್ಗೆ ಊರಿನ ಮಕ್ಕಳಿಗೆ ಏನು ಪಾಠ ಅನ್ನಬಹುದು. ಆದರೆ ಆ ಮಕ್ಕಳು ಬೆಳೆದದ್ದೇ ಗುಡ್ಡದ ಗಮಾರರು ಅಂತ ಟಿವಿಯಲ್ಲಿ ತಮ್ಮನ್ನು ಆಡಿಕೊಳ್ಳುವುದನ್ನು ನೋಡುತ್ತಾ. ಪೇಟೆಗೆ ಹೋದರೆ ಮಾತಿನ ಧಾಟಿಯನ್ನು ಮುಚ್ಚಿಟ್ಟುಕೊಳ್ಳಬೇಕು. ಅಂಥವರಿಗೆ ಚೆರೋಕೀ ಜನರನ್ನು 1838ರಲ್ಲಿ ಈ ಬೆಟ್ಟಗಳಿಂದ ಸೈನ್ಯ ಹೊರಗಟ್ಟಿದ್ದು ಗೊತ್ತಾಗಬೇಕಾದದ್ದೇ. ಬೆಟ್ಟದ ಬಿಳಿಯರ ವಾದ್ಯ ಅಂತ ಎಲ್ಲರೂ ನಂಬಿದ ಬ್ಯಾಂಜೊ ಆಫ್ರಿಕಾದಿಂದ ತಂದ ಗುಲಾಮರ ಕೊಡುಗೆ ಅನ್ನುವುದೂ ಗೊತ್ತಾಗಬೇಕು.

ಆ ಕಾಲೇಜಿನ ಪಕ್ಕದಲ್ಲೇ ಎರಡು ಕಂಪನಿ ಊರುಗಳಿವೆ, ಬೆನ್‌ಹ್ಯಾಮ್ ಮತ್ತು ಲಿಂಚ್. ಲಿಂಚ್ ಅನ್ನು ಕಟ್ಟಿದ್ದು ಯು.ಎಸ್. ಸ್ಟೀಲ್ ಕಂಪನಿ, 1917ರಲ್ಲಿ. ಮನೆ ಕಂಪನಿಯದು, ಅಂಗಡಿ, ಆಸ್ಪತ್ರೆ ಕಂಪನಿಯದು. ಅಲಬಾಮಾದಿಂದ ಕಪ್ಪು ಜನ, ಹಂಗೇರಿ, ಇಟಲಿಯಿಂದ ವಲಸಿಗರು ಬಂದು ಸುರಂಗಕ್ಕಿಳಿದರು. ಕಂಪನಿಗಳು ತಮ್ಮ ಊರಿನ ಚಂದದ ಫೋಟೋ ತೆಗೆಸಿಟ್ಟಿದ್ದವು. ಆ ಫೋಟೋಗಳು ಈಗ ಕಾಲೇಜಿನ ಸಂಗ್ರಹದಲ್ಲಿವೆ. ಶಿಸ್ತಾಗಿ ನಿಂತ ಕೆಲಸಗಾರರು, ಸುಣ್ಣ ಬಳಿದ ಬೇಲಿ. ಇದೇ ಹಾರ್ಲನ್‌ನಲ್ಲಿ 1931ರಲ್ಲಿ ಸಂಘ ಕಟ್ಟಿದ್ದಕ್ಕೆ ಗುಂಡೇಟು ಬಿದ್ದದ್ದು ಕಂಪನಿಯ ಫೋಟೋದಲ್ಲಿ ಸಿಗುವುದಿಲ್ಲ. ಅದಕ್ಕೆ ಮುದುಕರ ಹತ್ತಿರ ಕೂತು ಕೇಳಬೇಕು.

ಹಾಗೆ ಕೂತು ಕೇಳಿದವರಲ್ಲಿ ಒಬ್ಬರು ಹೊರಗಿನವರೇ, ಇಟಲಿಯ ಅಲೆಸ್ಸಾಂಡ್ರೊ ಪೋರ್ಟೆಲಿ. ಕಾಲು ಶತಮಾನ ಮತ್ತೆ ಮತ್ತೆ ಹಾರ್ಲನ್‌ಗೆ ಬಂದು ನೂರಕ್ಕೂ ಹೆಚ್ಚು ಜನರ ಮಾತು ದಾಖಲಿಸಿ ದೊಡ್ಡ ಪುಸ್ತಕ ಮಾಡಿದರು. ಓಕಾನರ್ ಬಂದದ್ದೂ ಹೊರಗಿನಿಂದಲೇ. ಹೊರಗಿನವರು ಬರಲೇಬಾರದು ಅನ್ನುವ ವಾದವನ್ನು ನಾವು ಒಪ್ಪದಿರುವುದು ಪೋರ್ಟೆಲಿ ಅಂಥವರಿಂದಾಗಿ. ಎಷ್ಟು ಸಲ ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ ಅನ್ನುವುದು ನೋಡಬೇಕು.

2005ರ ಹೊತ್ತಿಗೆ ಊರಿಗೆ ಬೇರೆಯೇ ಪಿಡುಗು ಹತ್ತಿತ್ತು. ಗಣಿಯಲ್ಲಿ ಸೊಂಟ ಮುರಿದುಕೊಂಡವರಿಗೆ ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯೇ ಚಟವಾಗಿ ಮನೆ ಮನೆ ಸುಡುತ್ತಿತ್ತು. ಮರ್ಯಾದೆಗೆ ಹೆದರಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಕಾಲೇಜಿನವರು ಜನರ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡು, ಅದನ್ನೇ ಹೆಣೆದು 'ಹೈಯರ್ ಗ್ರೌಂಡ್' ಅನ್ನುವ ನಾಟಕ ಮಾಡಿದರು. ಪಾತ್ರ ಹಾಕಿದವರು ಊರಿನವರೇ. ನಾಟಕಕ್ಕೆ ಜನ ಸೇರಿದರು. ಅದೇ ಹೆಸರಿನಲ್ಲಿ ಮುಂದೆ ಇನ್ನೂ ಹಲವು ನಾಟಕಗಳು ಬಂದವು. ಇತಿಹಾಸ ಅಂದರೆ ಸತ್ತವರ ವಿಷಯ ಅಂದುಕೊಂಡ ನಮಗೆ ಇದು ಹೊಸದು.

ಲೆಚರ್‌ನ ಆ ಕೊಲೆಯ ಬಗ್ಗೆಯೂ ಕೊನೆಗೆ ಒಂದು ಸಾಕ್ಷ್ಯಚಿತ್ರ ಬಂತು, 2000ರಲ್ಲಿ. ಮಾಡಿದವರು ಎಲಿಜಬೆತ್ ಬ್ಯಾರೆಟ್, ಅದೇ ಬೆಟ್ಟದ ಸೀಮೆಯವರು. ಸತ್ತವರ ಮಗಳನ್ನೂ ಮಾತಾಡಿಸಿದರು, ಕೊಂದವನ ಕಡೆಯವರನ್ನೂ ಮಾತಾಡಿಸಿದರು.

ಬೆನ್‌ಹ್ಯಾಮ್‌ನ ಹಳೆಯ ಕಂಪನಿ ಅಂಗಡಿ ಈಗ ಕಲ್ಲಿದ್ದಲು ಮ್ಯೂಸಿಯಂ, ಅದೂ ಆ ಕಾಲೇಜಿನದೇ. ಕರೆಂಟ್ ಬಿಲ್ ಕಟ್ಟಲು ಕಷ್ಟವಾಯಿತು ಅಂತ 2017ರಲ್ಲಿ ಅದರ ಛಾವಣಿಗೆ ಸೋಲಾರ್ ಹಾಕಿಸಿದರು.